ಒಟ್ಲು, ನಾಟಿ ಮತ್ತು ಮೂತ್ರಕೋಶ: ಜೀವಕೋಶ ಚಿಕಿತ್ಸೆಯ ಬಗ್ಗೆ ಒಂದು ಮಾತುಕತೆ

ಹೊಟ್ಟೆನೋವು ಬಂದರೆ ನಾವು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತೇವೆ. ಮೂತ್ರ ಸೋರುವುದನ್ನು ಮಾತ್ರ ಮನೆಯವರಿಗೂ ಹೇಳುವುದಿಲ್ಲ. ಹಾಗಾಗಿ ಈ ತೊಂದರೆ ಎಷ್ಟು ಮನೆಗಳಲ್ಲಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ನನ್ನ ಹತ್ತಿರ ಒಬ್ಬ ಶಿಕ್ಷಕಿ ಬಂದಿದ್ದರು. ಎರಡನೇ ಹೆರಿಗೆ ಆದಾಗಿನಿಂದ ಕೆಮ್ಮಿದರೆ, ಸೀನಿದರೆ, ಕೊಡ ಎತ್ತಿದರೆ ಮೂತ್ರ ಸೋರುತ್ತಿತ್ತು. ಒಂಬತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ಮದುವೆ, ನಾಮಕರಣ ಎಲ್ಲಕ್ಕೂ ಹೋಗುವುದನ್ನು ಬಿಟ್ಟಿದ್ದರು. ಶಾಲೆಯಲ್ಲಿ ಮಧ್ಯಾಹ್ನದವರೆಗೆ ನೀರನ್ನೇ ಕುಡಿಯುತ್ತಿರಲಿಲ್ಲ. ಅವರು ಬಂದಾಗ ಕೈಯಲ್ಲಿ ಒಂದು ಕರಪತ್ರ ಇತ್ತು. ಸ್ಟೆಮ್ ಸೆಲ್ ಇಂಜೆಕ್ಷನ್, ಆಪರೇಷನ್ ಬೇಡ, ಒಂದೇ ದಿನದಲ್ಲಿ ಮನೆಗೆ ಎಂದು ಬರೆದಿತ್ತು. ಸ್ಟೆಮ್ ಸೆಲ್ ಎಂದರೆ ಬೆಳೆದು ಬೇರೆ ಬಗೆಯ ಕೋಶಗಳಾಗಬಲ್ಲ ಮೂಲ ಜೀವಕೋಶ. ಖರ್ಚು ಲಕ್ಷಗಳಲ್ಲಿ. "ಡಾಕ್ಟ್ರೇ, ಒಡವೆ ಅಡ ಇಟ್ಟು ಮಾಡಿಸಿಕೊಳ್ಳಲಾ?" ಎಂದು ಕೇಳಿದರು.

ಆ ದಿನ ಹೊರಗೆ ಜನ ಕಾಯುತ್ತಿದ್ದರು. ನಾನು ಐದು ನಿಮಿಷದಲ್ಲಿ ಬೇಡ ಎಂದೆ. ಯಾಕೆ ಬೇಡ ಎಂದು ಪೂರ್ತಿ ಹೇಳಲು ಆಗಲಿಲ್ಲ. ಇವತ್ತು ನಿಮ್ಮ ಮುಂದೆ ಅದನ್ನು ನಿಧಾನವಾಗಿ ಹೇಳುತ್ತೇನೆ. ಯಾಕೆಂದರೆ ಆ ಕರಪತ್ರದಲ್ಲಿ ಇದ್ದದ್ದು ಪೂರ್ತಿ ಕಟ್ಟುಕಥೆಯೂ ಅಲ್ಲ. ಇದರ ಹಿಂದೆ ದೊಡ್ಡ ವಿಜ್ಞಾನ ಇದೆ. ಆ ವಿಜ್ಞಾನ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಆ ಕಾಗದ ಹೇಳುವುದಿಲ್ಲ, ಅಷ್ಟೆ.

ಮೊದಲು ಹೆಸರುಗಳನ್ನು ಸರಿ ಮಾಡಿಕೊಳ್ಳೋಣ. ಕನ್ನಡದಲ್ಲಿ 'ಮೂತ್ರನಾಳ' ಎಂಬ ಪದವನ್ನು ಎರಡು ಬೇರೆ ಬೇರೆ ಕೊಳವೆಗಳಿಗೆ ಬಳಸುತ್ತೇವೆ. ಇದರಿಂದ ರೋಗಿಗಳಿಗೆ ಎಷ್ಟು ಗೊಂದಲ ಆಗುತ್ತದೆ ಎಂದು ನಾನು ದಿನಾ ನೋಡುತ್ತೇನೆ. ಇವತ್ತಿನ ಮಟ್ಟಿಗೆ ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಬರುವುದನ್ನು ಮೇಲಿನ ಕೊಳವೆ ಎನ್ನುತ್ತೇನೆ. ಮೂತ್ರಕೋಶದಿಂದ ಹೊರಗೆ ಬರುವುದು ಕೆಳಗಿನ ಕೊಳವೆ. ಮೂತ್ರಕೋಶವನ್ನು ಸುಮ್ನೆ ಚೀಲ ಎನ್ನೋಣ. ಕೆಳಗಿನ ಕೊಳವೆಯ ಸುತ್ತ ಉಂಗುರದ ಹಾಗೆ ಒಂದು ಸ್ನಾಯು ಇದೆ. ನಾವು ಬಿಗಿ ಹಿಡಿಯುವುದು ಅದರಿಂದ. ಎರಡು ಕೊಳವೆ, ಒಂದು ಚೀಲ, ಒಂದು ಉಂಗುರ. ಇಷ್ಟು ನೆನಪಿದ್ದರೆ ಸಾಕು.

ಇನ್ನು ಜೀವಕೋಶ ಚಿಕಿತ್ಸೆ ಎಂದರೇನು? ನಿಮ್ಮಲ್ಲಿ ಗದ್ದೆ ಮಾಡಿದವರು ತುಂಬಾ ಜನ ಇದ್ದೀರಿ. ಭತ್ತಕ್ಕೆ ಏನು ಮಾಡುತ್ತೀರಿ? ಒಂದು ಮೂಲೆಯಲ್ಲಿ ಒಟ್ಲು ಹಾಕುತ್ತೀರಿ. ಪೈರು ಎದ್ದ ಮೇಲೆ ಕಿತ್ತು, ಹದ ಮಾಡಿದ ಗದ್ದೆಗೆ ನಾಟಿ ಮಾಡುತ್ತೀರಿ. ಇದೂ ಹಾಗೆಯೇ. ರೋಗಿಯ ದೇಹದಿಂದ ಒಂದು ಚೂರು ತೆಗೆಯುತ್ತಾರೆ. ಅದರಲ್ಲಿರುವ ಜೀವಕೋಶಗಳನ್ನು ಲ್ಯಾಬಿನಲ್ಲಿ ಕೆಲವು ವಾರ ಬೆಳೆಸುತ್ತಾರೆ. ಸಾವಿರ ಇದ್ದದ್ದು ಕೋಟಿ ಆಗುತ್ತದೆ. ಅದನ್ನು ಮತ್ತೆ ಅದೇ ರೋಗಿಗೆ, ಕೆಟ್ಟಿರುವ ಜಾಗಕ್ಕೆ ಇಡುತ್ತಾರೆ.

ಒಟ್ಲು ಹಾಕುವುದನ್ನು ವಿಜ್ಞಾನಿಗಳು ಚೆನ್ನಾಗಿ ಕಲಿತಿದ್ದಾರೆ. ಕಷ್ಟ ಇರುವುದು ನಾಟಿಯಲ್ಲಿ. ಪೈರು ಎಷ್ಟೇ ಚೆನ್ನಾಗಿರಲಿ, ಗದ್ದೆಗೆ ನೀರು ಹತ್ತದಿದ್ದರೆ ಒಣಗುತ್ತದೆ ಅಲ್ವಾ? ದೇಹದಲ್ಲಿ ಆ ನೀರು ಎಂದರೆ ರಕ್ತ. ಹತ್ತಿರದ ರಕ್ತನಾಳದಿಂದ ಕೂದಲೆಳೆಯ ದಪ್ಪದ ಎರಡು ಮೂರು ಪಟ್ಟು ದೂರ ಹೋದರೆ ಸಾಕು, ಜೀವಕೋಶಕ್ಕೆ ಆಮ್ಲಜನಕ ಸಿಗುವುದಿಲ್ಲ. ಹಾಗಾಗಿ ತೆಳುವಾದ ಪದರ ಬದುಕುತ್ತದೆ, ದಪ್ಪದ ಗೋಡೆ ಸಾಯುತ್ತದೆ. ಇದೊಂದು ಗೊತ್ತಿದ್ದರೆ ಈ ಕ್ಷೇತ್ರದಲ್ಲಿ ಯಾವುದು ಗೆದ್ದಿತು, ಯಾವುದು ಸೋತಿತು ಎಂದು ಅರ್ಧ ಊಹಿಸಬಹುದು.

ಮೇಲಿನ ಕೊಳವೆಯ ವಿಷಯ ಬೇಗ ಮುಗಿಸುತ್ತೇನೆ. ಕೆಲವು ಮಕ್ಕಳಲ್ಲಿ ಚೀಲದ ಮೂತ್ರ ಹಿಂದಕ್ಕೆ, ಮೂತ್ರಪಿಂಡದ ಕಡೆಗೆ ಹೋಗುತ್ತದೆ. ಅಮೆರಿಕದ ವೈದ್ಯರು 29 ಮಕ್ಕಳ ಕಿವಿಯ ಹಿಂದಿನಿಂದ ಮೃದು ಎಲುಬಿನ ಚೂರು ತೆಗೆದು, ಅದರ ಕೋಶಗಳನ್ನು ಬೆಳೆಸಿ, ಕೊಳವೆ ಚೀಲಕ್ಕೆ ಸೇರುವ ಬಾಯಿಯ ಹತ್ತಿರ ಚುಚ್ಚಿದರು. 1999ರಲ್ಲಿ ಅದರ ವರದಿ ಬಂತು. ತುಂಬಾ ಮಕ್ಕಳಲ್ಲಿ ಹಿಂದಕ್ಕೆ ಹೋಗುವುದು ನಿಂತಿತು. ಆದರೂ ಇವತ್ತು ಅದನ್ನು ಯಾರೂ ಮಾಡುವುದಿಲ್ಲ ಎಂದೇ ಹೇಳಬಹುದು. ಅಲ್ಲಿ ಬೇಕಿದ್ದದ್ದು ಒಂದು ಸಣ್ಣ ಉಬ್ಬು ಮಾತ್ರ. ಅದನ್ನು ಬಾಟಲಿಯಲ್ಲಿ ಸಿಗುವ ಜೆಲ್‌ನಿಂದಲೇ ಮಾಡಬಹುದು. ಒಟ್ಲು, ನಾಟಿ ಏನೂ ಬೇಡ. ಹೊಸ ಚಿಕಿತ್ಸೆ ಕೆಲಸ ಮಾಡಿದರೆ ಸಾಲದು, ಇರುವ ಸುಲಭ ದಾರಿಗಿಂತ ಚೆನ್ನಾಗಿ ಮಾಡಬೇಕು. ಈ ಮಾತನ್ನು ಆಮೇಲೆ ಮತ್ತೆ ನೆನಪಿಸುತ್ತೇನೆ.

ಈಗ ಕೆಳಗಿನ ಕೊಳವೆ. ಇದು ನನಗೆ ತುಂಬಾ ಹತ್ತಿರದ ವಿಷಯ. ಗಂಡಸರಲ್ಲಿ ಈ ಕೊಳವೆ ಒಳಗೊಳಗೇ ಕಿರಿದಾಗುವ ತೊಂದರೆ ನಮ್ಮಲ್ಲಿ ಜಾಸ್ತಿ. ಬೈಕಿನಿಂದ ಬಿದ್ದು ಸೊಂಟದ ಮೂಳೆ ಮುರಿದವರು, ಹಿಂದೆ ಸೋಂಕು ಆದವರು, ಐಸಿಯುನಲ್ಲಿ ತುಂಬಾ ದಿನ ನಳಿಕೆ ಹಾಕಿಸಿಕೊಂಡವರು ಬರುತ್ತಾರೆ. ಒಂದಕ್ಕೆ ಹೋದರೆ ದಾರದ ಹಾಗೆ ಬರುತ್ತದೆ. ಹದಿನೈದು ನಿಮಿಷ ನಿಲ್ಲಬೇಕು. ಒಳಗೆ ಕ್ಯಾಮೆರಾ ಹಾಕಿ ಗಾಯದ ಕಲೆಯನ್ನು ಸೀಳುತ್ತೇವೆ. ಆರು ತಿಂಗಳು ಚೆನ್ನಾಗಿರುತ್ತದೆ, ತುಂಬಾ ಜನರಲ್ಲಿ ಮತ್ತೆ ಮುಚ್ಚುತ್ತದೆ. ಮತ್ತೆ ಸೀಳು, ಮತ್ತೆ ಕಲೆ. ಸೀಳಿದಷ್ಟೂ ಕಲೆ ಉದ್ದವಾಗುತ್ತಾ ಹೋಗುತ್ತದೆ.

ಇದಕ್ಕೆ ಒಳ್ಳೆಯ ಆಪರೇಷನ್ ಇದೆ. ಕೆನ್ನೆಯ ಒಳಗಿನ ಚರ್ಮವನ್ನು ತೆಗೆದು ಕೊಳವೆಗೆ ತೇಪೆ ಹಾಕುವುದು. ಬಾಯಿಯ ಚರ್ಮ ಯಾಕೆ ಎಂದು ಕೇಳಬಹುದು. ಅದು ಸದಾ ಒದ್ದೆಯಲ್ಲಿ ಬದುಕಿ ಅಭ್ಯಾಸ ಇರುವ ಚರ್ಮ. ಅದರಲ್ಲಿ ಕೂದಲು ಬೆಳೆಯುವುದಿಲ್ಲ. ಗಾಯ ಬೇಗ ಮಾಯುತ್ತದೆ. ಈ ಆಪರೇಷನ್‌ನಲ್ಲಿ ನಮ್ಮ ದೇಶ ಹಿಂದೆ ಇಲ್ಲ. ಪುಣೆಯ ಡಾಕ್ಟರ್ ಸಂಜಯ್ ಕುಲಕರ್ಣಿ ಅವರು ಇಡೀ ಕೊಳವೆಯನ್ನೇ ಒಂದೇ ಸಲಕ್ಕೆ ಸರಿ ಮಾಡುವ ಒಂದು ವಿಧಾನ ರೂಪಿಸಿದರು. ಅದು ಅವರ ಹೆಸರಿನಲ್ಲೇ ಪ್ರಪಂಚದಾದ್ಯಂತ ಬಳಕೆಯಲ್ಲಿದೆ.

ಆದರೆ ಕೆನ್ನೆಯಲ್ಲಿ ಚರ್ಮ ಎಷ್ಟಿರುತ್ತದೆ? ಕೊಳವೆ ಉದ್ದಕ್ಕೆ ಕೆಟ್ಟಿದ್ದರೆ ಸಾಲುವುದಿಲ್ಲ. ಇನ್ನೊಂದು ಕಷ್ಟ ನಮ್ಮದೇ. ಅಡಿಕೆ, ಗುಟ್ಕಾ ಅಗಿಯುವವರ ಬಾಯಿ ನೋಡಿದ್ದೀರಾ? ಕೆನ್ನೆಯ ಒಳಗೆ ಬಿಳಚಿಕೊಂಡು ಹಗ್ಗದ ಹಾಗೆ ಗಟ್ಟಿಯಾಗಿರುತ್ತದೆ. ಎರಡು ಬೆರಳು ಒಳಗೆ ಹೋಗುವಷ್ಟೂ ಬಾಯಿ ತೆರೆಯುವುದಿಲ್ಲ. ಅಲ್ಲಿಂದ ತೇಪೆ ತೆಗೆಯುವುದು ಹೇಗೆ? ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆದದ್ದು 2013ರಲ್ಲಿ. ಆದರೂ ಇಂಥ ಬಾಯಿಗಳನ್ನು ನಾನು ಇವತ್ತಿಗೂ ನೋಡುತ್ತೇನೆ, ಇಪ್ಪತ್ತೈದು ವಯಸ್ಸಿನ ಹುಡುಗರಲ್ಲೂ ನೋಡುತ್ತೇನೆ. ಇಲ್ಲಿ ಕೂತಿರುವ ತಾಯಂದಿರಿಗೆ, ಅಣ್ಣಂದಿರಿಗೆ ಕೈ ಮುಗಿದು ಹೇಳುತ್ತೇನೆ, ಮನೆಯ ಹುಡುಗರ ಬಾಯಿಯನ್ನು ಒಮ್ಮೆ ತೆರೆಸಿ ನೋಡಿ.

ಜೀವಕೋಶದ ದಾರಿ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರಬಹುದು. ಮೆಕ್ಸಿಕೋ ನಗರದಲ್ಲಿ ಐದು ಹುಡುಗರ ಮೇಲೆ ನಡೆದ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಲ್ಲರೂ ಹತ್ತರಿಂದ ಹದಿನಾಲ್ಕು ವರ್ಷದವರು. ಕೆಲವರಿಗೆ ಅಪಘಾತದಲ್ಲಿ ಕೊಳವೆ ಹರಿದಿತ್ತು. ವೈದ್ಯರು ಪ್ರತಿಯೊಬ್ಬನ ಚೀಲದಿಂದ ಅಂಚೆಚೀಟಿಗಿಂತ ಚಿಕ್ಕ ಚೂರು ತೆಗೆದರು. ಅದರಿಂದ ಸ್ನಾಯುವಿನ ಕೋಶ ಬೇರೆ, ಒಳಪದರದ ಕೋಶ ಬೇರೆ ಮಾಡಿ ಬೆಳೆಸಿದರು. ತಾನಾಗಿ ಕರಗುವ ಹೊಲಿಗೆ ದಾರ ಇದೆಯಲ್ಲ, ಅದೇ ಜಾತಿಯ ವಸ್ತುವಿನಿಂದ ಒಂದು ಜಾಲರಿ ಕೊಳವೆ ಮಾಡಿದರು. ಅದರ ಹೊರಮೈಗೆ ಸ್ನಾಯುಕೋಶ, ಒಳಮೈಗೆ ಒಳಪದರದ ಕೋಶ ಬಿತ್ತಿದರು. ಕೊನೆಗೆ ಅದನ್ನು ಹುಡುಗನ ದೇಹದಲ್ಲಿ ಹೊಲಿದರು. ಜಾಲರಿ ಕರಗಿತು, ಕೊಳವೆ ಉಳಿಯಿತು. ಈ ಆಪರೇಷನ್‌ಗಳು ನಡೆದದ್ದು 2004ರಿಂದ 2007ರ ನಡುವೆ. 2011ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಬಂತು. ಆರು ವರ್ಷದವರೆಗೆ ನೋಡಿದಾಗಲೂ ಕೊಳವೆಗಳು ತೆರೆದೇ ಇದ್ದವು.

ಇದು ಯಾಕೆ ಆಯಿತು? ಕೊಳವೆಯ ಗೋಡೆ ತೆಳು. ಅಕ್ಕಪಕ್ಕದಿಂದ ರಕ್ತ ಹತ್ತುತ್ತದೆ. ಮುಖ್ಯವಾಗಿ, ಕೊಳವೆಗೆ ದೊಡ್ಡ ಕೆಲಸ ಇಲ್ಲ. ದಾರಿ ಬಿಟ್ಟು ನಿಂತರೆ ಸಾಕು. ಆದರೆ ಒಂದು ವಿಷಯ ಮರೆಯಬಾರದು. ಐದೇ ಹುಡುಗರು. ಹೋಲಿಸಿ ನೋಡಲು ಬೇರೆ ಗುಂಪು ಇರಲಿಲ್ಲ.

ನಮ್ಮ ದೇಶದಲ್ಲೂ ಒಂದು ಪ್ರಯತ್ನ ಆಗಿದೆ. ಕೆನ್ನೆಯಿಂದ ಚಿಕ್ಕ ಚೂರು ಮಾತ್ರ ತೆಗೆದು, ಕೋಶ ಬೆಳೆಸಿ, ಒಂದು ಜೆಲ್‌ನಲ್ಲಿ ಸೇರಿಸುತ್ತಾರೆ. ಈ ಜೆಲ್ ತಣ್ಣಗಿದ್ದಾಗ ನೀರಿನ ಹಾಗೆ, ದೇಹದ ಬಿಸಿಗೆ ಗಟ್ಟಿ. ಕ್ಯಾಮೆರಾದಲ್ಲಿ ಕಲೆಯನ್ನು ಸೀಳಿ, ಆ ಗಾಯದ ಮೇಲೆ ಜೆಲ್ ಬಿಡುತ್ತಾರೆ. ದೊಡ್ಡ ಆಪರೇಷನ್ ಬೇಡ. ಮೊದಲು ಆರು ಜನರಲ್ಲಿ ಮಾಡಿ 2019ರಲ್ಲಿ ಪ್ರಕಟಿಸಿದರು. ಕೆಲವರಲ್ಲಿ ಚೆನ್ನಾಗಿ ಉಳಿಯಿತು, ಕೆಲವರಲ್ಲಿ ಮತ್ತೆ ಮುಚ್ಚಿತು. ಗುಟ್ಕಾದಿಂದ ಕೆಟ್ಟ ಬಾಯಿಯಲ್ಲೂ ಒಂದು ಚಿಕ್ಕ ಒಳ್ಳೆಯ ಜಾಗ ಸಿಗಬಹುದು. ಅಷ್ಟೇ ಸಾಕಾದರೆ ಎಷ್ಟು ಜನರಿಗೆ ದಾರಿ ಆಗುತ್ತದೆ ನೋಡಿ. ಅದಕ್ಕೇ ನನಗೆ ಎಲ್ಲಕ್ಕಿಂತ ಜಾಸ್ತಿ ಭರವಸೆ ಇರುವುದು ಇಲ್ಲಿ.

ಈಗ ಚೀಲಕ್ಕೆ ಬರೋಣ. ಇದು ಕಷ್ಟದ ಕಥೆ.

ಕೆಲವು ಮಕ್ಕಳು ಬೆನ್ನುಹುರಿ ಪೂರ್ತಿ ಮುಚ್ಚದೆ ಹುಟ್ಟುತ್ತಾರೆ. ಚೀಲಕ್ಕೆ ಹೋಗುವ ನರ ಸರಿ ಇರುವುದಿಲ್ಲ. ಚೀಲ ಗಟ್ಟಿಯಾಗಿ, ಚಿಕ್ಕದಾಗಿ, ಒಳಗೆ ಒತ್ತಡ ಏರಿ ಮೂತ್ರಪಿಂಡ ಹಾಳಾಗುತ್ತದೆ. ಹಳೆಯ ಉಪಾಯ ಎಂದರೆ ಕರುಳಿನ ತುಂಡು ತೆಗೆದು ಚೀಲಕ್ಕೆ ಹೊಲಿದು ದೊಡ್ಡದು ಮಾಡುವುದು. ಇವತ್ತಿಗೂ ನಾವು ಮಾಡುವುದು ಅದನ್ನೇ. ಆದರೆ ಕರುಳು ಕರುಳೇ. ಅದು ಲೋಳೆ ಬಿಡುತ್ತದೆ, ಮೂತ್ರದಲ್ಲಿರುವ ಲವಣಗಳನ್ನು ಹೀರುತ್ತದೆ, ಕಲ್ಲು ಕಟ್ಟುತ್ತದೆ.

ಬಾಸ್ಟನ್‌ನಲ್ಲಿ ಆಂಥನಿ ಅಟಾಲಾ ಎಂಬ ವೈದ್ಯರು ಇಂಥ ಏಳು ಮಕ್ಕಳಿಗೆ ಅವರದೇ ಕೋಶಗಳಿಂದ ಬೆಳೆಸಿದ ಚೀಲದ ಭಾಗವನ್ನು ಹೊಲಿದರು. ಚೂರು ತೆಗೆದು ಸುಮಾರು ಏಳು ವಾರಕ್ಕೆ ಹೊಸ ಚೀಲ ಸಿದ್ಧ. 2006ರಲ್ಲಿ ವರದಿ ಬಂದಾಗ ಪ್ರಪಂಚವೇ ಬೆರಗಾಯಿತು. ನಾನೂ ಆ ವರದಿಯನ್ನು ಎಷ್ಟು ಸಲ ಓದಿದೆನೋ. ಇನ್ನು ಹತ್ತು ವರ್ಷಕ್ಕೆ ಕರುಳು ಕತ್ತರಿಸುವ ಕೆಲಸ ತಪ್ಪಿತು ಎಂದುಕೊಂಡೆ.

ತಪ್ಪಲಿಲ್ಲ. ಟೆಂಜಿಯನ್ ಎಂಬ ಕಂಪನಿ ಅದೇ ದಾರಿಯಲ್ಲಿ ಮುಂದಿನ ಹಂತದ ಪರೀಕ್ಷೆ ಮಾಡಿತು. 2014ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಮಕ್ಕಳ ಚೀಲ ಮೆದುವಾಗಲಿಲ್ಲ. ಕೆಲವರಿಗೆ ಗಂಭೀರ ತೊಂದರೆ ಆಯಿತು. ಅದೇ ವರ್ಷದ ಕೊನೆಗೆ ಕಂಪನಿ ದಿವಾಳಿ ಎಂದು ಘೋಷಿಸಿಕೊಂಡಿತು.

ಏನು ತಪ್ಪಿತು? ಚೀಲದ ಗೋಡೆ ದಪ್ಪ. ದೊಡ್ಡ ತುಂಡಿಗೆ ರಕ್ತ ಹತ್ತುವುದರೊಳಗೆ ನಡುವಿನ ಕೋಶಗಳು ಸಾಯುತ್ತವೆ, ಅಲ್ಲಿ ಕಲೆ ಕಟ್ಟುತ್ತದೆ. ಇನ್ನೊಂದು ಕಾರಣವೂ ಇದೆ. ಒಟ್ಲಿಗೆ ಬೀಜ ಎಲ್ಲಿಂದ ಬಂತು? ಕೆಟ್ಟ ಚೀಲದಿಂದಲೇ ಬಂತು. ಬೀಜವೇ ಸೊರಗಿದ್ದರೆ ಪೈರು ಹೇಗಿರಬೇಕು? ಮೇಲಾಗಿ ಚೀಲ ತುಂಬಬೇಕು, ತಡೆಯಬೇಕು, ಹೊತ್ತು ನೋಡಿ ಖಾಲಿ ಆಗಬೇಕು. ಅದಕ್ಕೆ ನರ ಬೇಕು. ಆ ಮಕ್ಕಳಲ್ಲಿ ಇಲ್ಲದೇ ಇದ್ದದ್ದೇ ಅದು.

ಇಲ್ಲಿ ಒಂದು ಮಾತು ಸೇರಿಸಲೇಬೇಕು, ವಿಷಯದಿಂದ ಆಚೆ ಹೋದರೂ ಪರವಾಗಿಲ್ಲ. ಗರ್ಭ ನಿಲ್ಲುವ ಮೊದಲಿನಿಂದಲೇ ಫೋಲಿಕ್ ಆಸಿಡ್ ಮಾತ್ರೆ ತಿಂದರೆ ಈ ಬೆನ್ನುಹುರಿಯ ತೊಂದರೆಯನ್ನು ಬಹುಪಾಲು ತಡೆಯಬಹುದು. 1991ರಲ್ಲೇ ದೊಡ್ಡ ಅಧ್ಯಯನ ಇದನ್ನು ತೋರಿಸಿದೆ. ಮೂರನೇ ತಿಂಗಳಲ್ಲಿ ಡಾಕ್ಟರ ಹತ್ತಿರ ಹೋಗಿ ಶುರು ಮಾಡಿದರೆ ತಡವಾಗಿರುತ್ತದೆ. ಬೆನ್ನುಹುರಿ ಮುಚ್ಚುವುದು ಮೊದಲ ತಿಂಗಳಲ್ಲೇ. ಮಾತ್ರೆಗೆ ಕೆಲವೇ ರೂಪಾಯಿ.

ಹಾಗೆಯೇ, 2025ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮೊದಲ ಬಾರಿಗೆ ಮನುಷ್ಯನಿಗೆ ಮೂತ್ರಕೋಶದ ಕಸಿ ಆಯಿತು ಎಂದು ನೀವು ಓದಿರಬಹುದು. ಅದು ದಾನಿಯ ಅಂಗ. ಲ್ಯಾಬಿನಲ್ಲಿ ಬೆಳೆಸಿದ್ದಲ್ಲ. ಎರಡನ್ನೂ ಸೇರಿಸಿ ಮಾತಾಡುವವರು ಇದ್ದಾರೆ, ಅದಕ್ಕೆ ಹೇಳಿದೆ.

ಇನ್ನು ಉಂಗುರದ ಸ್ನಾಯು. ನಮ್ಮ ಶಿಕ್ಷಕಿಯ ತೊಂದರೆ ಇದೇ. ಕರಪತ್ರಗಳು ಮಾರುವುದೂ ಇದನ್ನೇ.

ಯೋಚನೆ ಚೆನ್ನಾಗಿದೆ. ತೊಡೆಯ ಸ್ನಾಯುವಿನಿಂದ ಸೂಜಿಯಲ್ಲಿ ಚೂರು ತೆಗೆದು, ಕೋಶ ಬೆಳೆಸಿ, ಸಡಿಲವಾದ ಉಂಗುರಕ್ಕೆ ಚುಚ್ಚುವುದು. 2008ರಲ್ಲಿ ಕೆನಡಾ ಮತ್ತು ಅಮೆರಿಕದ ವೈದ್ಯರು ಎಂಟು ಮಹಿಳೆಯರ ವರದಿ ಕೊಟ್ಟರು. ಐದು ಜನರಿಗೆ ಗುಣ ಕಂಡಿತು, ಅದರಲ್ಲಿ ಒಬ್ಬರಿಗೆ ಸೋರುವುದು ಪೂರ್ತಿ ನಿಂತಿತು. ಅದಕ್ಕೂ ಒಂದು ವರ್ಷ ಮೊದಲು ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಿಂದ ಇನ್ನೂ ದೊಡ್ಡ ಸುದ್ದಿ ಬಂದಿತ್ತು. ಕೋಶ ಚುಚ್ಚಿಸಿಕೊಂಡ 42 ಮಹಿಳೆಯರಲ್ಲಿ 38 ಜನ ಪೂರ್ತಿ ಗುಣ ಎಂದು ಲ್ಯಾನ್ಸೆಟ್‌ನಲ್ಲಿ ಪ್ರಕಟವಾಗಿತ್ತು. ಆಮೇಲೆ ಸರ್ಕಾರದ ತನಿಖೆ ನಡೆಯಿತು. ರೋಗಿಗಳ ಒಪ್ಪಿಗೆ, ನೀತಿ ಸಮಿತಿಯ ಅನುಮತಿ, ದಾಖಲೆ ಎಲ್ಲದರಲ್ಲೂ ಗಂಭೀರ ಲೋಪ ಸಿಕ್ಕಿತು. 2008ರಲ್ಲಿ ಪತ್ರಿಕೆ ಆ ಲೇಖನವನ್ನೇ ಹಿಂತೆಗೆದುಕೊಂಡಿತು. ನನಗೆ ಇದನ್ನು ನೆನೆದರೆ ಇವತ್ತಿಗೂ ಬೇಸರ ಆಗುತ್ತದೆ. ಆ ಹೆಂಗಸರು ವೈದ್ಯರನ್ನು ನಂಬಿ ಬಂದಿದ್ದರು.

ಪ್ರಾಮಾಣಿಕವಾಗಿ ನಡೆದ ದೊಡ್ಡ ಪರೀಕ್ಷೆಗಳು ಏನು ಹೇಳಿದವು? ಇಲ್ಲಿ ಸ್ವಲ್ಪ ಗಮನ ಕೊಡಿ. ಪಿಟ್ಸ್‌ಬರ್ಗ್‌ನ ಒಂದು ಕಂಪನಿಯ ಪರೀಕ್ಷೆಯಲ್ಲಿ ಕೆಲವರಿಗೆ ಕೋಶ ಇರುವ ಇಂಜೆಕ್ಷನ್, ಕೆಲವರಿಗೆ ಕೋಶ ಇಲ್ಲದ ಬರೀ ದ್ರವ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. 246 ಮಹಿಳೆಯರನ್ನು ಸೇರಿಸಬೇಕು ಎಂದಿತ್ತು. 150 ಆಗುವಷ್ಟರಲ್ಲಿ ನಿಲ್ಲಿಸಿದರು. ಯಾಕೆ ಗೊತ್ತಾ? ಬರೀ ದ್ರವ ಚುಚ್ಚಿಸಿಕೊಂಡವರಲ್ಲೂ ಬಹುಪಾಲು ಜನ ಗುಣ ಆಯಿತು ಎಂದರು. ಎರಡು ಗುಂಪಿಗೂ ವ್ಯತ್ಯಾಸವೇ ಕಾಣಲಿಲ್ಲ. 2018ರಲ್ಲಿ ಇದು ಪ್ರಕಟವಾಯಿತು.

ಅವರು ಸುಳ್ಳು ಹೇಳಿದರಾ? ಇಲ್ಲ. ಪರೀಕ್ಷೆಗೆ ಸೇರಿದ ಮೇಲೆ ದಿನಾ ಎಷ್ಟು ಸಲ ಸೋರಿತು ಎಂದು ಬರೆಯಬೇಕು. ಬರೆಯಲು ಶುರು ಮಾಡಿದರೆ ಯಾವಾಗ ಸೋರುತ್ತದೆ ಎಂದು ತಾನಾಗಿ ತಿಳಿಯುತ್ತದೆ. ಸೀನುವ ಮೊದಲು ಬಿಗಿ ಹಿಡಿಯುತ್ತೇವೆ. ಹೊತ್ತಿಗೆ ಸರಿಯಾಗಿ ಹೋಗಿ ಬರುತ್ತೇವೆ. ಒಬ್ಬರು ಕೂರಿಸಿಕೊಂಡು ಕಷ್ಟ ಕೇಳಿದರು ಎನ್ನುವುದೇ ಅರ್ಧ ಸಮಾಧಾನ. ಇದು ಎಲ್ಲರ ಮನಸ್ಸೂ ದೇಹವೂ ಕೆಲಸ ಮಾಡುವ ರೀತಿ. ಹಾಗಾಗಿ "ನಮ್ಮಲ್ಲಿ ಹತ್ತಕ್ಕೆ ಎಂಟು ಜನರಿಗೆ ಗುಣ ಆಗಿದೆ" ಎಂದು ಯಾರಾದರೂ ಹೇಳಿದರೆ, ಬರೀ ದ್ರವ ಚುಚ್ಚಿದ್ದರೆ ಎಷ್ಟು ಜನರಿಗೆ ಆಗುತ್ತಿತ್ತು ಎಂದು ಕೇಳಿ. ಆ ಲೆಕ್ಕ ಇಲ್ಲದಿದ್ದರೆ ಎಂಟು ಎನ್ನುವುದಕ್ಕೆ ಅರ್ಥ ಇಲ್ಲ.

ಕೆಲಸ ನಿಂತಿಲ್ಲ. ಮೊದಲೇ ಆಪರೇಷನ್ ಆಗಿ ಮತ್ತೆ ಸೋರುವ ಮಹಿಳೆಯರಲ್ಲಿ ಕೋಶದಿಂದ ಉಪಯೋಗ ಇರಬಹುದು ಎಂಬ ಸುಳಿವು ಸಿಕ್ಕಿದೆ. ಇದರ ಅಗತ್ಯವೂ ಇದೆ. ಸೋರುವುದನ್ನು ನಿಲ್ಲಿಸಲು ಕೆಳಗಿನ ಕೊಳವೆಗೆ ಆಸರೆಯಾಗಿ ಬಲೆಯ ಪಟ್ಟಿ ಹಾಕುವ ಆಪರೇಷನ್‌ನಿಂದ ನೋವು ಅನುಭವಿಸಿದವರ ದೂರು ಜಾಸ್ತಿಯಾಗಿ, 2018ರಲ್ಲಿ ಇಂಗ್ಲೆಂಡ್‌ನಲ್ಲಿ ಅದಕ್ಕೆ ತಡೆ ಹಾಕಿದರು. ಬೇರೆ ದಾರಿ ಬೇಕೇ ಬೇಕು.

ಆದರೆ ನಮ್ಮ ಕಾನೂನು ಏನು ಹೇಳುತ್ತದೆ ಎಂದು ತಿಳಿದುಕೊಳ್ಳಿ. ವೈದ್ಯಕೀಯ ಸಂಶೋಧನೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಮಾರ್ಗಸೂಚಿ ಕೊಟ್ಟಿವೆ. ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥದ್ದನ್ನು ಬಿಟ್ಟರೆ, ಉಳಿದ ಸ್ಟೆಮ್ ಸೆಲ್ ಬಳಕೆ ಅನುಮತಿ ಪಡೆದ ಪರೀಕ್ಷೆಯ ಒಳಗೇ ಆಗಬೇಕು. ಪರೀಕ್ಷೆ ಎಂದ ಮೇಲೆ ಆ ಚಿಕಿತ್ಸೆಗೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಅನುಮತಿ ಸಿಗುವುದೇ ಇಲ್ಲ ಎಂದೇನಲ್ಲ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಅಸ್ಥಿಮಜ್ಜೆಯ ಕೋಶದಿಂದ ಮಾಡಿದ ಔಷಧಕ್ಕೆ, ಕಾಲಿನ ರಕ್ತನಾಳ ಮುಚ್ಚುವ ಬರ್ಗರ್ ಕಾಯಿಲೆಗೆಂದು, 2016ರಲ್ಲಿ ಸೀಮಿತ ಅನುಮತಿ ಪಡೆಯಿತು. ವರ್ಷಗಟ್ಟಲೆ ಪರೀಕ್ಷೆ ಮಾಡಿ, ಲೆಕ್ಕ ಕೊಟ್ಟು ಪಡೆದದ್ದು.

ಕರಪತ್ರ ಹಿಡಿದು ಹೋದರೆ ಮೊದಲು ಸಿಟಿಆರ್‌ಐ ಸಂಖ್ಯೆ ಕೇಳಿ. ಅದು ದೇಶದ ಎಲ್ಲ ಚಿಕಿತ್ಸಾ ಪರೀಕ್ಷೆಗಳ ಪಟ್ಟಿ. ಮೊಬೈಲಿನಲ್ಲೇ ನೋಡಬಹುದು, ಯಾರ ಅಪ್ಪಣೆಯೂ ಬೇಡ. ಕೋಶ ಎಲ್ಲಿಂದ ತೆಗೆಯುತ್ತೀರಿ, ಎಷ್ಟು ವಾರ ಬೆಳೆಸುತ್ತೀರಿ ಎಂದೂ ಕೇಳಿ. ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಅರ್ಧ ಗಂಟೆಯಲ್ಲಿ ಚುಚ್ಚಿದರೆ ಅದು ಪಿಆರ್‌ಪಿ. ಅಂದರೆ ನಿಮ್ಮದೇ ರಕ್ತದ ಒಂದು ಭಾಗ, ಅದರಲ್ಲಿ ಸ್ಟೆಮ್ ಸೆಲ್ ಬೆಳೆಸಿರುವುದಿಲ್ಲ.

ಆ ಶಿಕ್ಷಕಿ ಒಡವೆ ಅಡ ಇಡಲಿಲ್ಲ. ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ ಉಂಗುರದ ಸ್ನಾಯುವಿಗೆ ಸರಿಯಾದ ವ್ಯಾಯಾಮ ಕಲಿತರು. ಕೆಗೆಲ್ ಎಂಬ ವೈದ್ಯರು 1948ರಲ್ಲಿ ಹೇಳಿಕೊಟ್ಟದ್ದು. ನಾಲ್ಕು ತಿಂಗಳು ಬಿಡದೆ ಮಾಡಿದರು. ಕೊಡ ಎತ್ತಿದರೆ ಈಗಲೂ ಒಮ್ಮೊಮ್ಮೆ ಹನಿಯುತ್ತದೆ ಎನ್ನುತ್ತಾರೆ. ಆದರೆ ತಮ್ಮನ ಮಗಳ ಮದುವೆಗೆ ಹೋಗಿ ಎರಡು ದಿನ ಇದ್ದು ಬಂದರು. ಕೆಲಸ ಮಾಡಿದರೆ ಸಾಲದು, ಸುಲಭ ದಾರಿಗಿಂತ ಚೆನ್ನಾಗಿ ಮಾಡಬೇಕು ಎಂದೆನಲ್ಲ, ಅದು ಇದಕ್ಕೇ.

ಕೊನೆಯಲ್ಲಿ ಹಿರಿಯರೊಬ್ಬರು ಚೀಟಿ ಕಳಿಸಿದ್ದಾರೆ. ಪ್ರಾಸ್ಟೇಟ್ ಕ್ಯಾನ್ಸರ್ ಆಪರೇಷನ್ ಆಗಿ ಐದು ತಿಂಗಳಾಯಿತು, ಇನ್ನೂ ಸೋರುತ್ತಿದೆ, ಜಪಾನಿನಲ್ಲಿ ಕೊಬ್ಬಿನ ಕೋಶದಿಂದ ಸರಿ ಮಾಡುತ್ತಾರಂತೆ, ಹೌದೇ ಎಂದು ಕೇಳಿದ್ದಾರೆ. ನಗೋಯಾದ ವೈದ್ಯರು ಅದನ್ನು ಮಾಡಿದ್ದು ನಿಜ. ಕೊಬ್ಬು ತೆಗೆದು, ಅದರಿಂದ ಕೋಶ ಬೇರೆ ಮಾಡಿ, ಅದೇ ಹೊತ್ತಿನಲ್ಲಿ ಉಂಗುರದ ಹತ್ತಿರ ಚುಚ್ಚುತ್ತಾರೆ. ಒಂದು ವರ್ಷದ ಮೇಲೆ ಮೂರರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ ಜನರಿಗೆ ಸೋರುವುದು ಅರ್ಧಕ್ಕಿಂತ ಕಡಿಮೆ ಆಯಿತು. ಹೋಲಿಸಲು ಬರೀ ದ್ರವದ ಗುಂಪು ಇರಲಿಲ್ಲ. ನಿಮಗೆ ಐದೇ ತಿಂಗಳು ಆಗಿದೆ. ತುಂಬಾ ಜನರಿಗೆ ವರ್ಷದೊಳಗೆ ತಾನಾಗಿ ಕಡಿಮೆ ಆಗುತ್ತದೆ, ವ್ಯಾಯಾಮ ಮಾಡಿದರೆ ಬೇಗ ಆಗುತ್ತದೆ. ವರ್ಷ ಕಳೆದರೂ ನಿಲ್ಲದಿದ್ದರೆ ಕೃತಕ ಉಂಗುರ ಹಾಕುವ ಆಪರೇಷನ್ ಇದೆ. 1970ರ ದಶಕದಿಂದ ಬಳಕೆಯಲ್ಲಿದೆ, ನಮ್ಮ ದೇಶದಲ್ಲೂ ಮಾಡುತ್ತಾರೆ, ಆದರೆ ದುಬಾರಿ. ಈಗ ಮೂರು ದಿನ ಒಂದು ಪುಸ್ತಕದಲ್ಲಿ ಎಷ್ಟು ಕುಡಿದಿರಿ, ಎಷ್ಟು ಹೊತ್ತಿಗೆ ಹೋದಿರಿ, ಯಾವಾಗ ಸೋರಿತು ಎಂದು ಬರೆಯಿರಿ. ದಿನಕ್ಕೆ ಎಷ್ಟು ಪ್ಯಾಡ್ ಆಯಿತು ಅದನ್ನೂ ಬರೆಯಿರಿ. ಆ ಪುಸ್ತಕ ತೆಗೆದುಕೊಂಡು ನಿಮಗೆ ಆಪರೇಷನ್ ಮಾಡಿದ ಡಾಕ್ಟರ ಹತ್ತಿರವೇ ಮೊದಲು ಹೋಗಿ.